ಆನ್ ಲಿಸ್ಟರ್

ಆನ್ ಲಿಸ್ಟರ್ (೩ ಏಪ್ರಿಲ್ ೧೭೯೧ – ೨೨ ಸೆಪ್ಟೆಂಬರ್ ೧೮೪೦) ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಜಮೀನ್ದಾರಿಣಿ ಹಾಗೂ ಪರ್ವತಾರೋಹಿ. ಸುಮಾರು ೫೦ ಲಕ್ಷ ಪದಗಳಷ್ಟು ವಿಸ್ತಾರವಾದ ಈಕೆಯ ದಿನಚರಿಯು ಸ್ತ್ರೀಯರ ಸಲಿಂಗಾನುರಾಗದ ಚರಿತ್ರೆಗೆ ಮುಖ್ಯ ಆಕರವೆನಿಸಿದೆ.

ಜೀವನ

ಹ್ಯಾಲಿಫ್ಯಾಕ್ಸ್‌ನಲ್ಲಿ ಜನಿಸಿದ ಆನ್, ಯಾರ್ಕ್ ನಗರದ ವಸತಿಶಾಲೆಯಲ್ಲಿ ಎಲೈಜಾ ರೇನ್ ಎಂಬ ಸಹಪಾಠಿಯನ್ನು ಪ್ರೀತಿಸಿದಳು. ಎಲೈಜಾ ಮದರಾಸಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಶಸ್ತ್ರವೈದ್ಯನೊಬ್ಬನಿಗೆ ಭಾರತೀಯ ಮಹಿಳೆಯಲ್ಲಿ ಹುಟ್ಟಿದವಳು. ೧೮೦೬ರ ಆಗಸ್ಟ್‌ನಲ್ಲಿ ಎಲೈಜಾ ತಮ್ಮ ಮನೆಯಿಂದ ಹೊರಟುಹೋದುದನ್ನು ದಾಖಲಿಸುವುದರೊಂದಿಗೆ ಆನ್‌ಳ ದಿನಚರಿ ಮೊದಲಾಗುತ್ತದೆ.

೧೮೨೬ರಲ್ಲಿ ದೊಡ್ಡಪ್ಪ ತೀರಿಕೊಂಡ ಬಳಿಕ ಶಿಬ್ಡನ್ ಹಾಲ್ ಎಂಬ ಮನೆತನದ ಆಸ್ತಿಯ ಆಡಳಿತ ಈಕೆಯ ಕೈಸೇರಿತು. ಕಲ್ಲಿದ್ದಲ ಗಣಿಗಳನ್ನು ಸ್ವತಃ ನಡೆಸಿದಳು. ಸ್ತ್ರೀಯಾದ ಕಾರಣ ತನಗೆ ಮತದಾನದ ಹಕ್ಕಿಲ್ಲದಿದ್ದರೂ ಟೋರಿ ಪಕ್ಷಕ್ಕೆ ಮತ ನೀಡುವಂತೆ ಗೇಣಿದಾರರನ್ನು ಒತ್ತಾಯಿಸುತ್ತಿದ್ದಳು.

೧೮೩೪ರ ಈಸ್ಟರ್ ಹಬ್ಬದಂದು ನೆರೆಯ ಜಮೀನಿನ ವಾರಸುದಾರಳಾದ ಆನ್ ವಾಕರ್‌ಳೊಡನೆ ಯಾರ್ಕ್‌ನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಪರಮಪ್ರಸಾದ ಸ್ವೀಕರಿಸಿದಳು. ಲಿಸ್ಟರ್ ಇದನ್ನೇ ತಮ್ಮ ವಿವಾಹವೆಂದು ಭಾವಿಸಿದಳು. ಕಾನೂನಾಗಲಿ ಚರ್ಚಾಗಲಿ ಅದನ್ನು ಮಾನ್ಯ ಮಾಡುವಂತಿರಲಿಲ್ಲ. ೧೮೩೮ರಲ್ಲಿ ಪಿರನೀಸ್ ಪರ್ವತಶ್ರೇಣಿಯ ವಿನ್ಯಮಾಲ್ ಶಿಖರವನ್ನೇರಿದಳು. ೧೮೪೦ರಲ್ಲಿ ಇಬ್ಬರೂ ಪ್ರವಾಸದಲ್ಲಿದ್ದಾಗ ಜಾರ್ಜಿಯಾದ ಕುಟೈಸಿಯಲ್ಲಿ ಲಿಸ್ಟರ್ ಜ್ವರದಿಂದ ನಿಧನಳಾದಳು. ವಾಕರ್ ಆಕೆಯ ಪಾರ್ಥಿವ ಶರೀರವನ್ನು ಹ್ಯಾಲಿಫ್ಯಾಕ್ಸ್‌ಗೆ ತಂದಳು. ೧೮೪೧ರ ಏಪ್ರಿಲ್‌ನಲ್ಲಿ ಅಲ್ಲಿ ಅಂತ್ಯಕ್ರಿಯೆ ನಡೆಯಿತು.

ದಿನಚರಿಯ ಶೋಧ

ದಿನಚರಿಯ ಸುಮಾರು ಆರನೆಯ ಒಂದು ಭಾಗವು ಗ್ರೀಕ್ ಅಕ್ಷರಗಳನ್ನೂ ಗಣಿತದ ಚಿಹ್ನೆಗಳನ್ನೂ ಬೆರೆಸಿದ ಸಂಕೇತಲಿಪಿಯಲ್ಲಿದೆ. ಪ್ರಣಯದ ವಿವರಗಳಲ್ಲದೆ ಹಣಕಾಸು, ಅನಾರೋಗ್ಯದಂತಹ ಗುಟ್ಟಿನ ಸಂಗತಿಗಳೂ ಇದರಲ್ಲಿವೆ. ೧೮೯೦ರ ದಶಕದಲ್ಲಿ ಶಿಬ್ಡನ್ ಹಾಲ್‌ನ ಅಂದಿನ ಒಡೆಯ ಜಾನ್ ಲಿಸ್ಟರ್ ಹಾಗೂ ಆತನ ಮಿತ್ರ ಆರ್ಥರ್ ಬರೆಲ್ ಈ ಲಿಪಿಯನ್ನು ಭೇದಿಸಿದರು. ಒಳಗಿನ ವಿಷಯದಿಂದ ಗಾಬರಿಗೊಂಡ ಬರೆಲ್, ಸಂಪುಟಗಳನ್ನು ಸುಟ್ಟುಬಿಡುವಂತೆ ಸಲಹೆಯಿತ್ತನು. ಜಾನ್ ಹಾಗೆ ಮಾಡದೆ ಅವುಗಳನ್ನು ಮನೆಯ ಮರದ ಹಲಗೆಯ ಹಿಂದೆ ಅಡಗಿಸಿಟ್ಟನು. ಆ ನಿರ್ಧಾರದಿಂದಲೇ ದಿನಚರಿ ಉಳಿಯಿತು. ೧೯೩೩ರಲ್ಲಿ ಜಾನ್ ಮರಣಿಸಿದ ಮೇಲೆ ಅದು ಸಾರ್ವಜನಿಕ ಸಂಗ್ರಹ ಸೇರಿತು.

ಹ್ಯಾಲಿಫ್ಯಾಕ್ಸ್‌ನ ಹೆಲೆನಾ ವಿಟ್‌ಬ್ರೆಡ್ ಅವರು ಸಂಕೇತಭಾಗಗಳನ್ನು ಓದಿ ಸಂಪಾದಿಸಿದ ಆಯ್ದ ಭಾಗಗಳು ೧೯೮೮ರಲ್ಲಿ ಪ್ರಕಟವಾದವು. ೨೦೧೧ರಲ್ಲಿ ದಿನಚರಿಯು ಯುನೆಸ್ಕೋದ ಬ್ರಿಟನ್ ವಿಶ್ವಸ್ಮೃತಿ ಪಟ್ಟಿಗೆ ಸೇರ್ಪಡೆಯಾಯಿತು.

ರೂಪಾಂತರಗಳು

೨೦೧೦ರಲ್ಲಿ ಬಿಬಿಸಿ ಈಕೆಯ ಬದುಕನ್ನು ಕುರಿತ ಚಿತ್ರವನ್ನು ಪ್ರಸಾರ ಮಾಡಿತು. ಸ್ಯಾಲಿ ವೈನ್‌ರೈಟ್ ರಚಿಸಿದ ‘ಜೆಂಟಲ್‌ಮನ್ ಜ್ಯಾಕ್’ ಧಾರಾವಾಹಿ (೨೦೧೯, ೨೦೨೨) ದಿನಚರಿಯನ್ನು ಆಧರಿಸಿದುದು. ಅದರಲ್ಲಿ ಲಿಸ್ಟರ್ ಪಾತ್ರವನ್ನು ಸುರಾನ್ ಜೋನ್ಸ್ ನಿರ್ವಹಿಸಿದ್ದಾರೆ.