ದೊಡ್ಡ ಎಂಜಿನ್ ಕಟ್ಟಿದರೆ ದೋಣಿ ಜೋರಾಗಿ ಓಡುತ್ತದೆಯೇ? ವಿಲಿಯಂ ಫ್ರೂಡ್ ಬದುಕಿನಲ್ಲಿದೆ ಉತ್ತರ

ಸಣ್ಣ ಫೈಬರ್ ದೋಣಿಗೆ 10 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ಬದಲು 20 ಎಚ್‌ಪಿ ಕಟ್ಟಿದರೆ ವೇಗವೂ ದುಪ್ಪಟ್ಟಾಗುತ್ತದೆ ಎಂದು ನಂಬುವವರಿದ್ದಾರೆ. ಇದು ತಪ್ಪು. ಯಾಕೆ ತಪ್ಪು ಎಂಬುದನ್ನು ಔಟ್‌ಬೋರ್ಡ್ ಎಂಜಿನ್ ಮಾರುಕಟ್ಟೆಗೆ ಬರುವ ಮೊದಲೇ ಕಂಡುಕೊಂಡವರು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್. ಮನಃಶಾಸ್ತ್ರದ ಫ್ರಾಯ್ಡ್ ಬೇರೆ, ಇವರು ಬೇರೆ. ಎಂಜಿನಿಯರಿಂಗ್ ಓದಿದವರಿಗೆ 'ಫ್ರೂಡ್ ಸಂಖ್ಯೆ' ನೆನಪಿರಬಹುದು.

ಫ್ರೂಡ್ ಹುಟ್ಟಿದ್ದು 1810ರಲ್ಲಿ, ಡೆವನ್ ಪ್ರಾಂತ್ಯದ ಡಾರ್ಟಿಂಗ್ಟನ್‌ನಲ್ಲಿ. ತಂದೆ ಚರ್ಚಿನ ಹಿರಿಯ ಪಾದ್ರಿ. ಆಕ್ಸ್‌ಫರ್ಡ್‌ನಲ್ಲಿ ಗಣಿತ ಓದಿ, 1837ರಲ್ಲಿ ಹೆಸರಾಂತ ಎಂಜಿನಿಯರ್ ಬ್ರೂನೆಲ್ ಅವರ ಕೈಕೆಳಗೆ ರೈಲ್ವೆ ಕೆಲಸಕ್ಕೆ ಸೇರಿದರು. 1846ರಲ್ಲಿ ತಂದೆಯ ಆರೋಗ್ಯ ಕೆಟ್ಟಿದ್ದರಿಂದ ಕೆಲಸ ಬಿಟ್ಟು ಊರಿಗೆ ಮರಳಿದರು. ಅಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ 1857ರಲ್ಲಿ ಬ್ರೂನೆಲ್ ಮತ್ತೆ ಕರೆದರು. ಅವರ 'ಗ್ರೇಟ್ ಈಸ್ಟರ್ನ್' ಎಂಬ ದೈತ್ಯ ಹಡಗು ಸಮುದ್ರದಲ್ಲಿ ಎಷ್ಟು ಹೊಯ್ದಾಡಬಹುದು ಎಂದು ಲೆಕ್ಕ ಹಾಕಿಕೊಡಬೇಕಿತ್ತು. ಅಲ್ಲಿಂದ ಮುಂದೆ ಫ್ರೂಡ್ ಹಡಗುಗಳನ್ನು ಬಿಡಲಿಲ್ಲ.

1867ರಲ್ಲಿ ಡಾರ್ಟ್ ನದಿಯಲ್ಲಿ ಅವರು ಎರಡು ಬಗೆಯ ಮಾದರಿ ದೋಣಿಗಳನ್ನು ಎಳೆದು ನೋಡಿದರು. ಚೂಪು ಮೂತಿಯದ್ದಕ್ಕೆ 'ರೇವನ್', ಅಂದರೆ ಕಾಗೆಯ ಜಾತಿಯ ಹಕ್ಕಿ. ದುಂಡು ಮೂತಿಯದ್ದಕ್ಕೆ 'ಸ್ವಾನ್', ಅಂದರೆ ಹಂಸ. ಎರಡನ್ನೂ 3, 6 ಮತ್ತು 12 ಅಡಿ ಉದ್ದಗಳಲ್ಲಿ ಮಾಡಿಸಿದ್ದರು. ಚೂಪು ಮೂತಿಯೇ ಯಾವಾಗಲೂ ಗೆಲ್ಲಬೇಕು ಎಂಬುದು ಆಗಿನ ಪಂಡಿತರ ಮಾತು. ನಿಧಾನವಾಗಿ ಎಳೆದಾಗ ಹಾಗೇ ಆಯಿತು. ವೇಗ ಹೆಚ್ಚಿಸಿದಾಗ ಹಂಸ ಮುಂದಾಯಿತು!

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. 12 ಅಡಿಯ ದೋಣಿಯನ್ನು 3 ಅಡಿಯ ದೋಣಿಗಿಂತ ಎರಡು ಪಟ್ಟು ವೇಗದಲ್ಲಿ ಎಳೆದರೆ ಎರಡರ ಸುತ್ತಲೂ ಒಂದೇ ರೀತಿಯ ಅಲೆಗಳು ಏಳುತ್ತಿದ್ದವು. ಉದ್ದ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟು, ಅಂದರೆ ವರ್ಗಮೂಲದ ಲೆಕ್ಕ.

ಫೈಬರ್ ದೋಣಿಯ ಗುಟ್ಟು ಇರುವುದು ಇಲ್ಲೇ. ದೋಣಿ ಓಡುವಾಗ ಮೂತಿಯ ಬಳಿ ಅಲೆ ಏಳುತ್ತದೆ. ವೇಗ ಹೆಚ್ಚಿದಷ್ಟೂ ಅಲೆ ಉದ್ದವಾಗುತ್ತದೆ. ಅದು ದೋಣಿಯಷ್ಟೇ ಉದ್ದವಾದ ಮೇಲೆ ಇನ್ನೂ ಜೋರು ಮಾಡಿದರೆ ಹಿಂಭಾಗ ಅಲೆಯ ತಗ್ಗಿಗೆ ಇಳಿಯುತ್ತದೆ, ಮೂತಿ ಮೇಲೇಳುತ್ತದೆ. ತಾನೇ ಎಬ್ಬಿಸಿದ ದಿಬ್ಬವನ್ನು ದೋಣಿ ತಾನೇ ಹತ್ತಬೇಕು. ನೀರಲ್ಲಿರುವ ಭಾಗ 16 ಅಡಿ ಇದ್ದರೆ ಈ ಮಿತಿ ಸುಮಾರು 5.4 ನಾಟ್, ಅಂದರೆ ಗಂಟೆಗೆ 10 ಕಿ.ಮೀ. ಆಸುಪಾಸು. ದುಂಡು ತಳದ ಭಾರದ ದೋಣಿಗೆ ಇದಕ್ಕಿಂತ ದೊಡ್ಡ ಎಂಜಿನ್ ಹಾಕಿದರೆ ಇಂಧನ ಉರಿಯುತ್ತದೆ, ಅಲೆ ದೊಡ್ಡದಾಗುತ್ತದೆ, ಅಷ್ಟೇ.

ಚಪ್ಪಟೆ ತಳದ ಹಗುರ ಫೈಬರ್ ದೋಣಿಯ ಕಥೆ ಬೇರೆ. ಸಾಕಷ್ಟು ಶಕ್ತಿ ಸಿಕ್ಕರೆ ಅದು ಆ ದಿಬ್ಬ ದಾಟಿ ನೀರಿನ ಮೇಲೆ ಜಾರತೊಡಗುತ್ತದೆ. ಎಂಜಿನ್ ತೀರಾ ಚಿಕ್ಕದಾದರೆ ಮೂತಿ ಎತ್ತಿಕೊಂಡು ಅಲ್ಲೇ ಒದ್ದಾಡುತ್ತದೆ. ತೀರಾ ದೊಡ್ಡದಾದರೆ ಅಪಾಯ ಇನ್ನೂ ಹೆಚ್ಚು. ಎಂಜಿನ್ ಭಾರಕ್ಕೆ ಹಿಂಭಾಗ ಕುಸಿದಿರುತ್ತದೆ. ಓಟದಲ್ಲಿ ಫಕ್ಕನೆ ಥ್ರಾಟಲ್ ಇಳಿಸಿದರೆ ಹಿಂದಿನಿಂದ ಬಂದ ತನ್ನದೇ ಅಲೆ ಒಳಗೆ ನುಗ್ಗಬಹುದು.

ಅಮೆರಿಕದ ಕೋಸ್ಟ್ ಗಾರ್ಡ್ 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಒಂದು ಲೆಕ್ಕ ಇಟ್ಟಿದೆ. ಉದ್ದ 14 ಅಡಿ, ಹಿಂಭಾಗದ ಅಗಲ 5 ಅಡಿ ಎಂದುಕೊಳ್ಳಿ. ಗುಣಿಸಿದರೆ 70. ಸ್ಟೀರಿಂಗ್ ಚಕ್ರವಿದ್ದು, ಎಂಜಿನ್ ಕೂರಿಸುವ ಹಿಂಬದಿ ಹಲಗೆ ಕನಿಷ್ಠ 20 ಇಂಚು ಎತ್ತರವಿದ್ದರೆ ಗರಿಷ್ಠ 50 ಎಚ್‌ಪಿ. ಎಂಜಿನ್ ಹಿಡಿಯನ್ನೇ ಕೈಯಲ್ಲಿ ತಿರುಗಿಸುವ ದೋಣಿಯಾದರೆ 35. ಅದೇ ಚಪ್ಪಟೆ ತಳ, ಚೂಪು ಅಂಚಿನದ್ದಾದರೆ ಬರೀ 20. ನೆನಪಿಡಿ, ಇದು ಮೇಲಿನ ಮಿತಿ. ಇಷ್ಟು ಹಾಕಲೇಬೇಕು ಎಂದೇನಿಲ್ಲ.

ಮತ್ತೆ ಫ್ರೂಡ್ ಕಡೆಗೆ ಬರೋಣ. ಆಟಿಕೆಯಂಥ ಮಾದರಿಗಳಿಂದ ನಿಜವಾದ ಹಡಗಿನ ಬಗ್ಗೆ ಏನೂ ತಿಳಿಯದು ಎಂದು ಸ್ಕಾಟ್ ರಸೆಲ್‌ರಂಥ ದೊಡ್ಡ ಹಡಗು ತಜ್ಞರು ತಳ್ಳಿಹಾಕಿದ್ದರು. ಆದರೂ 1870ರಲ್ಲಿ ಬ್ರಿಟಿಷ್ ನೌಕಾಡಳಿತ 2,000 ಪೌಂಡ್ ಮಂಜೂರು ಮಾಡಿತು. ಟಾರ್ಕೀ ಪಟ್ಟಣದಲ್ಲಿ ತಮ್ಮ ಮನೆಯ ಪಕ್ಕದಲ್ಲೇ ಫ್ರೂಡ್ 278 ಅಡಿ ಉದ್ದದ ನೀರಿನ ತೊಟ್ಟಿ ಕಟ್ಟಿಸಿದರು. ಮೇಣದಲ್ಲಿ ಹಡಗಿನ ಮಾದರಿ ಮಾಡಿ ಅದರಲ್ಲಿ ಎಳೆದು ಅಳೆಯುತ್ತಿದ್ದರು. ತಮಗೆಂದು ಸಂಬಳ ತೆಗೆದುಕೊಳ್ಳಲಿಲ್ಲ.

ಟೀಕಾಕಾರರಿಗೆ ಉತ್ತರ ಕೊಟ್ಟಿದ್ದು 'ಗ್ರೇಹೌಂಡ್' ಎಂಬ ಯುದ್ಧನೌಕೆ. ಅದನ್ನು ಇನ್ನೊಂದು ನೌಕೆಯಿಂದ ಎಳೆಸಿ ಹಗ್ಗದ ಮೇಲಿನ ಸೆಳೆತವನ್ನು ಅಳೆದರು. ಮುಂದಿನ ನೌಕೆಯ ಅಲೆ ತಾಗದಂತೆ ಉದ್ದನೆಯ ಕಂಬವನ್ನು ಪಕ್ಕಕ್ಕೆ ಚಾಚಿ ಹಗ್ಗ ಕಟ್ಟಿದ್ದರು. ಅಳತೆ ಪುಟ್ಟ ಮಾದರಿಯ ಲೆಕ್ಕಕ್ಕೆ ಹೊಂದಿಕೊಂಡಿತು.

1879ರಲ್ಲಿ ವಿಶ್ರಾಂತಿಗೆಂದು ನೌಕಾಪಡೆಯ ಅತಿಥಿಯಾಗಿ ದಕ್ಷಿಣ ಆಫ್ರಿಕಾಕ್ಕೆ ಹೋದ ಫ್ರೂಡ್, ಸೈಮನ್ಸ್ ಟೌನ್‌ನಲ್ಲಿ ಆಮಶಂಕೆಯಿಂದ ತೀರಿಕೊಂಡರು. ನೌಕಾಪಡೆಯ ಗೌರವದೊಂದಿಗೆ ಅಲ್ಲೇ ಮಣ್ಣು ಮಾಡಲಾಯಿತು. ತೊಟ್ಟಿಯ ಕೆಲಸವನ್ನು ಮಗ ರಾಬರ್ಟ್ ಎಡ್ಮಂಡ್ ಮುಂದುವರಿಸಿ, 1886ರಲ್ಲಿ ಹ್ಯಾಸ್ಲರ್‌ನ ಹೊಸ ತೊಟ್ಟಿಗೆ ಸಾಗಿಸಿದರು.