ರಾಣಿಯ ಹೆಸರು ಹೊತ್ತ ಕಾಲೇಜು

ಹೊನೊಲುಲುವಿನಲ್ಲಿ ನೆಲೆಸಿರುವ ನನ್ನನ್ನು ಊರಿನ ಬಂಧುಗಳು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಅಮೆರಿಕದವರೆಗೆ ಬಂದು ವಿಶ್ವವಿದ್ಯಾಲಯದ ಬದಲು ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಸೇರುವುದು ಮರ್ಯಾದೆಗೆ ಕಡಿಮೆಯಲ್ಲವೇ ಎಂಬುದೇ ಆ ಪ್ರಶ್ನೆ. ಇದಕ್ಕೆ ಉತ್ತರವಾಗಿ ನಾನು ಶುಲ್ಕದ ಲೆಕ್ಕವನ್ನು ಒಪ್ಪಿಸುವುದಿಲ್ಲ. ಡೈಮಂಡ್ ಹೆಡ್ ಬೆಟ್ಟದ ಮಗ್ಗುಲಲ್ಲಿರುವ ಕಪಿಯೋಲಾನಿ ಕಮ್ಯುನಿಟಿ ಕಾಲೇಜು ಯಾರ ಹೆಸರನ್ನು ಹೊತ್ತಿದೆಯೋ ಆ ರಾಣಿಯ ಕಥೆಯನ್ನು ಹೇಳುತ್ತೇನೆ.

ಕಪಿಯೋಲಾನಿ 1834ರ ಡಿಸೆಂಬರ್ 31ರಂದು ಹವಾಯಿ ದ್ವೀಪದ ಹಿಲೊ ಎಂಬಲ್ಲಿ ಜನಿಸಿದರು. ಕೌವಾಯಿ ದ್ವೀಪವನ್ನಾಳಿದ ಕೌಮುವಾಲಿಇ ಅವರ ತಾಯಿಯ ತಂದೆ. ಮೊದಲ ಪತಿ 1860ರಲ್ಲಿ ತೀರಿಕೊಂಡರು. ಅವರ ಆರೈಕೆಯಲ್ಲಿದ್ದ ರಾಜಕುಮಾರ ಆಲ್ಬರ್ಟ್ 1862ರಲ್ಲಿ, ನಾಲ್ಕು ವರ್ಷದ ಎಳೆಯ ಪ್ರಾಯದಲ್ಲೇ ಮೃತನಾದ. ಮರುವರ್ಷ ಅವರು ಡೇವಿಡ್ ಕಲಾಕೌವ ಅವರನ್ನು ವರಿಸಿದರು. 1874ರಲ್ಲಿ ಶಾಸನಸಭೆ ಕಲಾಕೌವ ಅವರನ್ನು ದೊರೆಯಾಗಿ ಆರಿಸಿದಾಗ ಕಪಿಯೋಲಾನಿ ರಾಣಿಯಾದರು. ದಂಪತಿಗೆ ಮಕ್ಕಳಾಗಲಿಲ್ಲ. ರಾಣಿ ತಮ್ಮ ತಂಗಿಯ ಮೂವರು ಗಂಡುಮಕ್ಕಳನ್ನು ಸ್ವಂತ ಮಕ್ಕಳಂತೆ ಸಾಕಿದರು.

ಅದು ಹವಾಯಿಯ ಮೂಲನಿವಾಸಿಗಳ ಪಾಲಿಗೆ ಕ್ಷಯಿಸುವ ಕಾಲ. ಹಡಗುಗಳಲ್ಲಿ ಬಂದ ಹೊರನಾಡಿನ ರೋಗಗಳು ಹಳ್ಳಿಗಳನ್ನು ಬರಿದು ಮಾಡಿದ್ದವು. 1890ರ ಜನಗಣತಿಯಲ್ಲಿ ಮಿಶ್ರ ಸಂತಾನದವರನ್ನು ಸೇರಿಸಿಯೂ ಅವರ ಸಂಖ್ಯೆ ಸುಮಾರು 40,000 ಮಾತ್ರ. ಜನಕುಲವನ್ನು ಮತ್ತೆ ಬೆಳೆಸುವುದೇ ದೊರೆಯ ಸಂಕಲ್ಪವಾಗಿತ್ತು. ಆ ಸಂಕಲ್ಪವನ್ನು ಕಾರ್ಯಕ್ಕೆ ತಂದವರಲ್ಲಿ ರಾಣಿ ಮುಖ್ಯರು.

1865ರ ಕಾನೂನಿನಂತೆ ಕುಷ್ಠರೋಗಿಗಳನ್ನು ಮನೆಯವರಿಂದ ಬೇರ್ಪಡಿಸಿ ಮೊಲೊಕಾಯಿ ದ್ವೀಪದ ಕಲೌಪಾಪಾ ಭೂಶಿರಕ್ಕೆ ಕಳುಹಿಸಲಾಗುತ್ತಿತ್ತು. ಒಂದು ಕಡೆ ಕಡಿದಾದ ಬೆಟ್ಟ, ಮೂರು ಕಡೆ ಸಮುದ್ರ. ಹೋದವರು ಹಿಂದಿರುಗುವುದು ವಿರಳವಾಗಿತ್ತು. 1884ರಲ್ಲಿ ರಾಣಿ ತಾವೇ ಅಲ್ಲಿಗೆ ಹೋಗಿ ರೋಗಿಗಳ ಅಳಲನ್ನು ಕೇಳಿದರು. ಅವರ ಮುಖ್ಯ ಚಿಂತೆ ತಮ್ಮ ಕಾಯಿಲೆಯದಲ್ಲ, ಆರೋಗ್ಯವಾಗಿದ್ದ ತಮ್ಮ ಮಕ್ಕಳದು. ಆ ಭೇಟಿಯ ಮರುವರ್ಷ, 1885ರಲ್ಲಿ, ರೋಗಿಗಳ ಹೆಣ್ಣುಮಕ್ಕಳಿಗಾಗಿ ಹೊನೊಲುಲುವಿನಲ್ಲಿ ಕಪಿಯೋಲಾನಿ ನಿಲಯ ಆರಂಭವಾಯಿತು. ಮದರ್ ಮರಿಯಾನೆ ಕೋಪ್ ಅವರ ನೇತೃತ್ವದ ಸಂನ್ಯಾಸಿನಿಯರು ಅದನ್ನು ನಡೆಸಿದರು.

ವಿದೇಶಕ್ಕೆ ಹೊರಡುವ ನಮ್ಮವರಿಗೆ ನಾನು ವಿಶೇಷವಾಗಿ ಹೇಳುವುದು 1887ರ ಪ್ರಯಾಣದ ವೃತ್ತಾಂತವನ್ನು. ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವಕ್ಕೆ ಕಪಿಯೋಲಾನಿ ತಮ್ಮ ನಾದಿನಿ ಲಿಲಿಯುಒಕಲಾನಿ ಅವರೊಡನೆ ಹೊರಟರು. ದಾರಿಯಲ್ಲಿ ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ಕ್ಲೀವ್‌ಲೆಂಡ್ ಅವರನ್ನು ಕಂಡರು. ಎಲ್ಲೆಡೆಯೂ ಹವಾಯಿ ನುಡಿಯಲ್ಲೇ ಮಾತನಾಡಿದರು, ಜೊತೆಗಿದ್ದವರು ಅದನ್ನು ಇಂಗ್ಲಿಷಿಗೆ ತಿಳಿಸಿದರು. ಲಂಡನ್ನಿನಲ್ಲಿ ಅವರು ಧರಿಸಿದ್ದು ನವಿಲುಗರಿಗಳಿಂದ ಸಿಂಗರಿಸಿದ ನೀಲಿ ಮಖಮಲ್ಲಿನ ಉಡುಪು. ಪರದೇಶದಲ್ಲಿ ತಾಯ್ನುಡಿಯನ್ನು ಅಡಗಿಸಿಡುವವರನ್ನು ಕಂಡಾಗಲೆಲ್ಲ ನನಗೆ ಈ ರಾಣಿ ನೆನಪಾಗುತ್ತಾರೆ.

ಅವರು ಹಿಂದಿರುಗುವ ಮುನ್ನವೇ, ವಲಸೆ ಬಂದು ಪ್ರಬಲರಾಗಿದ್ದ ವರ್ತಕರೂ ಅವರ ಸಂಗಡಿಗರೂ ಶಸ್ತ್ರಬಲದಿಂದ ದೊರೆಯ ಅಧಿಕಾರವನ್ನು ಮೊಟಕುಗೊಳಿಸಿದ್ದರು. ಆದರೂ ರಾಣಿ ಕೈಕಟ್ಟಿ ಕೂರಲಿಲ್ಲ. ಸಂತೆ, ಔತಣಗಳನ್ನು ಏರ್ಪಡಿಸಿ ಹಣ ಕೂಡಿಸಿ, 1890ರ ಜೂನ್‌ನಲ್ಲಿ ತಾಯಂದಿರಿಗಾಗಿ ಹೆರಿಗೆ ಆಸ್ಪತ್ರೆಯೊಂದನ್ನು ತೆರೆದರು. ಮುಂದೆ ವಿಸ್ತಾರಗೊಂಡ ಅದೇ ಆಸ್ಪತ್ರೆಯಲ್ಲಿ 1961ರಲ್ಲಿ ಬರಾಕ್ ಒಬಾಮಾ ಜನಿಸಿದರು.

1891ರಲ್ಲಿ ಕಲಾಕೌವ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಿಧನರಾದರು. 1893ರಲ್ಲಿ ರಾಜ್ಯವೇ ಉರುಳಿತು, 1898ರಲ್ಲಿ ದ್ವೀಪಗಳು ಅಮೆರಿಕದ ವಶವಾದವು. ಇದೆಲ್ಲವನ್ನೂ ಕಂಡ ಕಪಿಯೋಲಾನಿ 1899ರ ಜೂನ್ 24ರಂದು ವೈಕೀಕಿಯ ತಮ್ಮ ಮನೆಯಲ್ಲಿ ಕಣ್ಣುಮುಚ್ಚಿದರು. ಅವರು ಸಾಕಿದ ಕೂಹಿಯೊ ಮುಂದೆ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಹವಾಯಿಯ ಪ್ರತಿನಿಧಿಯಾಗಿ, ಮೂಲನಿವಾಸಿಗಳಿಗೆ ಭೂಮಿ ಮೀಸಲಿಡುವ 1921ರ ಕಾಯಿದೆಗಾಗಿ ಶ್ರಮಿಸಿದರು.

ರಾಣಿಯ ಹೆಸರಿನ ತಾಂತ್ರಿಕ ಶಾಲೆ ಆರಂಭವಾದದ್ದು 1946ರಲ್ಲಿ. ಅಡುಗೆ ಮತ್ತು ಶುಶ್ರೂಷೆಯಂತಹ ಕೈಕಸುಬಿನ ವಿದ್ಯೆಗಳೇ ಅದರ ಬುನಾದಿ. 1965ರಲ್ಲಿ ಅದು ಕಮ್ಯುನಿಟಿ ಕಾಲೇಜಾಗಿ ಹವಾಯಿ ವಿಶ್ವವಿದ್ಯಾಲಯದ ಅಂಗವಾಯಿತು. ಈಗ ಆ ವಿಶ್ವವಿದ್ಯಾಲಯದ ಹತ್ತು ಕ್ಯಾಂಪಸ್‌ಗಳಲ್ಲಿ ಏಳು ಕಮ್ಯುನಿಟಿ ಕಾಲೇಜುಗಳೇ. ಪ್ರೌಢಶಾಲೆ ಮುಗಿಸಿದ ಹುಡುಗಿಯೂ, ಕೆಲಸ ಕಳೆದುಕೊಂಡು ಹೊಸ ವೃತ್ತಿ ಕಲಿಯಬಯಸುವ ನಡುವಯಸ್ಕನೂ ಇಲ್ಲಿ ಒಂದೇ ಬೆಂಚಿನಲ್ಲಿ ಕೂರಬಹುದು. ಎರಡು ವರ್ಷದ ಪದವಿ ಪಡೆದು ಕೆಲಸಕ್ಕೆ ಹೋಗಬಹುದು, ಇಲ್ಲವೇ ಮುಂದಿನ ಓದಿಗೆ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ದಾಟಬಹುದು. ಶಿಖರದತ್ತ ಏರಲು ಶ್ರಮಿಸಬೇಕೆಂಬ ರಾಣಿಯ ಧ್ಯೇಯವೇ ಕಾಲೇಜಿನ ಧ್ಯೇಯವೂ ಆಗಿದೆ.

ಕಾಲೇಜಿನ ಘನತೆಯನ್ನು ನಾವು ಸಾಮಾನ್ಯವಾಗಿ ಅದು ಎಷ್ಟು ಮಂದಿಯನ್ನು ಹೊರಗಿಡುತ್ತದೆ ಎಂಬುದರಿಂದ ಅಳೆಯುತ್ತೇವೆ. ಯಾರಿಗೂ ಬೇಡವಾದ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದ ರಾಣಿಯ ಹೆಸರನ್ನು ಹೊತ್ತ ಸಂಸ್ಥೆಗೆ ಈ ಅಳತೆಗೋಲು ಒಗ್ಗುವುದಿಲ್ಲ. ಮಕ್ಕಳನ್ನು ಇತ್ತ ಕಳುಹಿಸಲು ಯೋಚಿಸುತ್ತಿರುವ ತಂದೆತಾಯಿಯರು ಕಾಲೇಜಿನ ಹೆಸರಿನ ಬಗ್ಗೆ ನೆಂಟರು ಏನನ್ನುವರೋ ಎಂದು ಕೊರಗುವುದು ಬೇಡ. ಅಲ್ಲಿ ಯಾವ ವಿದ್ಯೆ ದೊರೆಯುತ್ತದೆ, ಅದರಿಂದ ಮುಂದೆ ಯಾವ ದಾರಿ ತೆರೆಯುತ್ತದೆ ಎಂಬುದನ್ನು ವಿಚಾರಿಸಿ ನಿರ್ಧರಿಸಲಿ ಎಂಬುದೇ ನನ್ನ ವಿನಂತಿ.