ವಿಲೆಮ್ ವಾನ್ ಡ ವೆಲ್ಡೆ: ನಿಸ್ತರಂಗ ಜಲದ ಚಿತ್ರಕಾರ

ಕಡಲನ್ನು ಕುರಿತು ಬರೆದವರೂ ಚಿತ್ರಿಸಿದವರೂ ಬಹುಮಟ್ಟಿಗೆ ಅದರ ಭೋರ್ಗರೆತಕ್ಕೆ ಮಾರುಹೋದವರೇ. ಗಾಳಿ ಬಿದ್ದು ನೀರು ಕನ್ನಡಿಯಂತೆ ನಿಂತ ಗಳಿಗೆಯನ್ನು ಕಲೆಯ ವಸ್ತುವಾಗಿ ಕಂಡವರು ವಿರಳ. 17ನೆಯ ಶತಮಾನದ ಡಚ್ ಚಿತ್ರಕಾರರು ಈ ವಿರಳರ ಸಾಲಿಗೆ ಸೇರಿದವರು. ಅವರಲ್ಲಿಯೂ ಕಿರಿಯ ವಿಲೆಮ್ ವಾನ್ ಡ ವೆಲ್ಡೆಯ ಹೆಸರು ಅಗ್ರಗಣ್ಯವಾದುದು. ಶಾಂತಜಲದ ಮೇಲಣ ದೋಣಿಗಳನ್ನು ಅಷ್ಟೊಂದು ನಿರಾಳವಾಗಿ ಚಿತ್ರಿಸಿದ ಈ ಕಲಾವಿದನ ಬಾಳು ಮಾತ್ರ ಯುದ್ಧಗಳ ನಡುವೆ ಸಾಗಿತು. ಹುಟ್ಟಿದ ನಾಡು ಮತ್ತು ಅನ್ನವಿತ್ತ ನಾಡು ಪರಸ್ಪರ ಕಾದಾಡುತ್ತಿದ್ದ ಕಾಲದಲ್ಲಿ ಅವನು ಎರಡೂ ದಡಗಳಲ್ಲಿ ನಿಂತು ಕುಂಚ ಹಿಡಿಯಬೇಕಾಯಿತು. ಅವನ ಜೀವನಚರಿತ್ರೆಯ ತಿರುಳು ಇರುವುದು ಈ ವೈರುಧ್ಯದಲ್ಲಿಯೇ.

ವಿಲೆಮ್ 1633ರಲ್ಲಿ ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ಜನಿಸಿದನು. ಅದೇ ಹೆಸರಿನ ಅವನ ತಂದೆ (1611–1693) ನೌಕೆಗಳ ರೇಖಾಚಿತ್ರಕ್ಕೆ ಹೆಸರಾದವನು. ಬಿಳಿಯ ಹಿನ್ನೆಲೆಯ ಮೇಲೆ ಲೇಖನಿ ಮತ್ತು ಮಸಿಯಿಂದಲೇ ಹಡಗಿನ ಹಗ್ಗ, ಹಾಯಿ, ಕೂವೆಗಳನ್ನು ಒಂದೊಂದಾಗಿ ಬಿಡಿಸುವುದು ಅವನ ವೈಶಿಷ್ಟ್ಯವಾಗಿತ್ತು. ಡಚ್ ನೌಕಾಬಲದೊಡನೆ ಸಣ್ಣ ನಾವೆಯೊಂದರಲ್ಲಿ ಹೋಗಿ, ಗುಂಡುಗಳ ನಡುವೆಯೇ ಕಾಗದದ ಮೇಲೆ ಕದನವನ್ನು ಗುರುತು ಹಾಕಿಕೊಳ್ಳುತ್ತಿದ್ದ ಸಾಹಸಿ ಅವನು. 1666ರಲ್ಲಿ ಇಂಗ್ಲಿಷರಿಗೂ ಡಚ್ಚರಿಗೂ ನಡೆದ ನಾಲ್ಕು ದಿನಗಳ ನೌಕಾಯುದ್ಧಕ್ಕೆ ಅವನು ಪ್ರತ್ಯಕ್ಷ ಸಾಕ್ಷಿ. ಕಿರಿಯ ಮಗ ಆದ್ರಿಯಾನ್ (1636–1672) ನೆಲದ ಕಡೆಗೆ ಮುಖ ಮಾಡಿ ಭೂದೃಶ್ಯಗಳನ್ನು ಬರೆದನು. ಹಿರಿಯ ಮಗ ವಿಲೆಮ್ ತಂದೆಯಂತೆ ನೀರನ್ನೇ ನೆಚ್ಚಿದನು.

ಮನೆತನದ ಕಸುಬು ಮೊದಲು ತಂದೆಯಿಂದಲೇ ಬಂದಿತು. ಅನಂತರ ವೇಸ್ಪ್ ಎಂಬ ಊರಿನಲ್ಲಿ ಸಿಮೊನ್ ಡ ವ್ಲೀಗರ್ ಎಂಬ ಹಿರಿಯ ಚಿತ್ರಕಾರನ ಬಳಿ ಶಿಷ್ಯವೃತ್ತಿ ನಡೆಯಿತು. ತಂದೆಯಿಂದ ಹಡಗಿನ ಅಂಗಾಂಗಗಳ ಜ್ಞಾನವೂ ಗುರುವಿನಿಂದ ಬೆಳಕು ಮತ್ತು ಹವೆಯ ಜ್ಞಾನವೂ ಲಭಿಸಿದವು. ಒಬ್ಬನದು ರೇಖೆ, ಇನ್ನೊಬ್ಬನದು ವರ್ಣ. ಇವೆರಡರ ಕೂಡಲಸಂಗಮವೇ ಕಿರಿಯ ವಿಲೆಮನ ಕಲೆ. 1652ರಲ್ಲಿ ಆದ ಅವನ ಮೊದಲ ಮದುವೆ ಮರುವರ್ಷವೇ ಮುರಿದುಬಿತ್ತು. 1656ರಲ್ಲಿ ಮತ್ತೆ ವಿವಾಹವಾಗಿ ಆಮ್ಸ್ಟರ್‌ಡಾಮಿನಲ್ಲಿ ತಂದೆಯೊಡನೆ ಚಿತ್ರಶಾಲೆ ನಡೆಸತೊಡಗಿದನು.

ಅವನ ಶ್ರೇಷ್ಠ ಶಾಂತಜಲದ ಚಿತ್ರಗಳಲ್ಲಿ ಹಲವು ಈ ಅವಧಿಯ ಫಲಗಳು. 1661ರ ಒಂದು ಚಿತ್ರ ಇಂದು ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಇಳಿತದ ಹೊತ್ತು; ದಡಕ್ಕೆ ಸಮೀಪ ನಿಂತ ನಾವೆಗಳು; ನೀರಿಗಿಳಿದು ಮೀಯುತ್ತಿರುವ ಜನ. ಘಟನೆ ಎನ್ನಬಹುದಾದುದು ಇಲ್ಲಿ ಏನೂ ಇಲ್ಲ. ಈ ಬಗೆಯ ಚಿತ್ರಗಳಲ್ಲಿ ದಿಗಂತರೇಖೆಯನ್ನು ಬಹಳ ಕೆಳಗೆ ಇರಿಸಲಾಗುತ್ತದೆ; ಚಿತ್ರದ ಬಹುಭಾಗವನ್ನು ಆಕಾಶವೇ ಆಕ್ರಮಿಸುತ್ತದೆ. ಜೋತುಬಿದ್ದ ಹಾಯಿ, ನೀರಿನೊಳಗಣ ಅದರ ಪ್ರತಿಬಿಂಬ, ಮೋಡದ ಸಂದಿಯಿಂದ ಇಳಿದ ಬೆಳಕು, ಇಷ್ಟರಿಂದಲೇ ನೋಡುವವನಿಗೆ ಗಾಳಿಯಿಲ್ಲದ ಹೊತ್ತಿನ ಅನುಭವವಾಗುತ್ತದೆ. ಅಲುಗದ ನೀರನ್ನು ಬರೆಯುವುದು ಸುಲಭವೆಂಬ ಭಾವನೆ ತಪ್ಪು. ಅಲೆಯ ಅಬ್ಬರದಲ್ಲಿ ರೇಖೆಯ ದೋಷ ಮರೆಯಾಗಬಹುದು. ನಿಶ್ಚಲ ನೀರಿನಲ್ಲಿ ಕೂವೆಯೊಂದು ಕೂದಲೆಳೆಯಷ್ಟು ತಪ್ಪಿದರೂ ಅದರ ನೆರಳು ಅದನ್ನು ಸಾರಿಬಿಡುತ್ತದೆ.

ಈ ದೋಣಿಗಳು ಕೇವಲ ಅಲಂಕಾರವೂ ಅಲ್ಲ. ಹಾಲೆಂಡಿನ ಕರಾವಳಿಯ ನೀರು ಆಳವಿಲ್ಲದ್ದು. ಆದಕಾರಣ ಅಲ್ಲಿನ ನಾವೆಗಳ ತಳ ಚಪ್ಪಟೆ. ಗಾಳಿಗೆ ಪಕ್ಕಕ್ಕೆ ಸರಿಯದಂತೆ ಎರಡೂ ಬದಿಗೆ ತೂಗುಬಿಟ್ಟ ಅಗಲವಾದ ಹಲಗೆಗಳನ್ನು ಬೇಕೆಂದಾಗ ನೀರಿಗೆ ಇಳಿಸುತ್ತಿದ್ದರು. ಈ ಹಲಗೆಗಳು ವಿಲೆಮನ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಮೀನು ಹಿಡಿಯುವವರು, ಸರಕು ಸಾಗಿಸುವವರು, ಹುಟ್ಟು ಹಾಕುವವರು ಇಲ್ಲಿ ಯುದ್ಧನೌಕೆಯಷ್ಟೇ ಗೌರವದಿಂದ ಸ್ಥಾನ ಪಡೆದಿದ್ದಾರೆ.

1672ನೆಯ ವರ್ಷ ಡಚ್ಚರ ಪಾಲಿಗೆ ವಿಪತ್ತಿನ ವರ್ಷ. ಫ್ರಾನ್ಸ್ ನೆಲದ ಮೇಲೂ ಇಂಗ್ಲೆಂಡ್ ನೀರಿನ ಮೇಲೂ ಏಕಕಾಲಕ್ಕೆ ಎರಗಿದವು. ವ್ಯಾಪಾರ ನಿಂತಿತು, ಚಿತ್ರ ಕೊಳ್ಳುವವರು ಇಲ್ಲವಾದರು. ಆ ವರ್ಷದ ಆರಂಭದಲ್ಲಿಯೇ ತಮ್ಮ ಆದ್ರಿಯಾನ್ ತೀರಿಕೊಂಡಿದ್ದನು. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆ ಡಚ್ಚರಿಗೆ ತನ್ನ ನಾಡಿನಲ್ಲಿ ಬಂದು ನೆಲೆಸಲು ಆಹ್ವಾನವಿತ್ತ ಸಂದರ್ಭವೂ ಅದೇ. ತಂದೆ ಮಗ ಇಬ್ಬರೂ ಲಂಡನ್ನಿಗೆ ಹೊರಟರು. 1674ರಲ್ಲಿ ಇಬ್ಬರಿಗೂ ವರ್ಷಕ್ಕೆ ತಲಾ 100 ಪೌಂಡುಗಳ ವೇತನ ಗೊತ್ತಾಯಿತು: ಕಡಲ ಕದನಗಳ ರೇಖಾಚಿತ್ರ ಮಾಡುವುದು ತಂದೆಯ ಕೆಲಸ, ಅವಕ್ಕೆ ಬಣ್ಣ ತುಂಬುವುದು ಮಗನ ಕೆಲಸ. ಗ್ರೀನಿಚ್‌ನ ರಾಣಿಯ ಮನೆಯಲ್ಲಿ ಅವರಿಗೆ ಚಿತ್ರಶಾಲೆಯ ಏರ್ಪಾಡಾಯಿತು.

ಮುಂಬಯಿಯ ಓದುಗರಿಗೆ ಈ ಚಾರ್ಲ್ಸ್ ದೊರೆ ಅಪರಿಚಿತನೇನಲ್ಲ. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳೊಡನೆ ಆದ ವಿವಾಹದ 1661ರ ಒಪ್ಪಂದದಿಂದ ಮುಂಬಯಿ ದ್ವೀಪ ಅವನ ಕೈಸೇರಿತು. 1668ರಲ್ಲಿ ಅವನು ಅದನ್ನು ವರ್ಷಕ್ಕೆ 10 ಪೌಂಡುಗಳ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದನು. ಒಂದು ದ್ವೀಪದ ಗೇಣಿಗಿಂತ ಒಬ್ಬ ಚಿತ್ರಕಾರನ ವೇತನ ಹತ್ತು ಪಾಲು ಹೆಚ್ಚಾಗಿತ್ತೆಂಬುದು ಚರಿತ್ರೆಯ ವಿನೋದಗಳಲ್ಲೊಂದು. ಕಾಂದಿವಲಿ, ಮಲಾಡ, ಬೊರಿವಲಿಗಳನ್ನು ಒಳಗೊಂಡ ಸಾಷ್ಟಿ ಮಾತ್ರ ಮರಾಠರು ಗೆಲ್ಲುವವರೆಗೆ ಪೋರ್ಚುಗೀಸರ ವಶದಲ್ಲಿಯೇ ಉಳಿಯಿತು. ತಂದೆ ಮಕ್ಕಳು ಲಂಡನ್ನಿನಲ್ಲಿ ನೆಲೆಯೂರುತ್ತಿದ್ದ 1673ರಲ್ಲಿಯೇ ಡಚ್ಚರ ನೌಕಾಬಲವೊಂದು ಮುಂಬಯಿಯ ಮುಂದೆ ಕಾಣಿಸಿಕೊಂಡಿತು; ಗವರ್ನರ್ ಆಂಜಿಯರ್ ಮಾಡಿದ್ದ ರಕ್ಷಣೆಯ ಸಿದ್ಧತೆಯನ್ನು ಕಂಡು ಹಿಂದಿರುಗಿತು. ಅತ್ತ ಕೆಳದಿ ಅರಸರ ಕನ್ನಡ ಕರಾವಳಿಯಲ್ಲಿ, ಬಸರೂರಿನ ಅಕ್ಕಿಯ ವ್ಯಾಪಾರದಲ್ಲಿ, ಇದೇ ಡಚ್ಚರು ಪಾಲುದಾರರಾಗಿದ್ದರು. ಆಮ್ಸ್ಟರ್‌ಡಾಮಿನ ಶಾಂತಜಲದ ಚಿತ್ರಗಳನ್ನು ಕೊಂಡ ಸಿರಿಯ ಹಿಂದೆ ಇಂತಹ ದೂರದ ಬಂದರುಗಳ ವ್ಯಾಪಾರವೂ ಇತ್ತೆಂಬುದನ್ನು ಮರೆಯಲಾಗದು.

ತನ್ನವರ ಸೋಲುಗೆಲುವುಗಳನ್ನು ಎದುರಾಳಿಯ ಅರಮನೆಗಾಗಿ ಚಿತ್ರಿಸಿದ ವಿಲೆಮನನ್ನು ದ್ರೋಹಿಯೆಂದು ಕರೆಯುವುದು ಸುಲಭ. ಕಸುಬಿನವನು ಕೆಲಸವಿದ್ದಲ್ಲಿಗೆ ಹೋಗುತ್ತಾನೆಂದು ಸಮರ್ಥಿಸುವುದೂ ಅಷ್ಟೇ ಸುಲಭ. ಈ ಎರಡು ತೀರ್ಪುಗಳಿಗಿಂತ ಅವನ ಕೃತಿಗಳ ಸಾಕ್ಷ್ಯ ಹೆಚ್ಚು ನಂಬಲರ್ಹವಾದುದು. ಲಂಡನ್ನಿನಲ್ಲಿ ಅವನಿಂದ ಕೇಳಲ್ಪಟ್ಟುದು ಕದನಗಳು, ರಾಜನೌಕೆಗಳು, ಬಿರುಗಾಳಿಗಳು. ಅವನ್ನು ಅವನು ನಿಷ್ಠೆಯಿಂದ ಪೂರೈಸಿದನು. ಆದರೆ 1680ರ ಸುಮಾರಿನದೆಂದು ಎಣಿಸಲಾದ, ಆಮ್ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂನಲ್ಲಿರುವ ಪ್ರಸಿದ್ಧ ಚಿತ್ರವನ್ನು ಗಮನಿಸಬೇಕು. ಅಲುಗದ ನೀರಿನ ಮೇಲೆ ಡಚ್ ಯುದ್ಧನೌಕೆಯೊಂದು ತೋಪು ಹಾರಿಸಿದೆ; ಹೊಗೆ ಮೆಲ್ಲನೆ ಹಬ್ಬುತ್ತಿದೆ; ಹಾಯಿಗಳು ಜೋತುಬಿದ್ದಿವೆ. ತೋಪಿದ್ದರೂ ಇಲ್ಲಿ ಯುದ್ಧವಿಲ್ಲ.

1686ರಲ್ಲಿ ಆಮ್ಸ್ಟರ್‌ಡಾಮಿನ ಬಂದರಿನ ಅಧಿಕಾರಿಗಳಿಗಾಗಿ ಅವನು ತನ್ನ ಊರಿನ ಬಂದರನ್ನೇ ವಿಶಾಲವಾದ ಪಟದಲ್ಲಿ ಮೂಡಿಸಿದನು. ಅದರ ಕೇಂದ್ರದಲ್ಲಿರುವುದು ‘ಸ್ವರ್ಣಸಿಂಹ’ವೆಂಬ ಅರ್ಥದ ಹೆಸರು ಹೊತ್ತ ಯುದ್ಧನೌಕೆ. 1673ರಲ್ಲಿ ಇಂಗ್ಲಿಷರ ವಿರುದ್ಧ ಕಾದಾಡಿದ್ದ ಡಚ್ ನೌಕಾಧಿಪತಿ ಟ್ರಾಂಪನ ಧ್ವಜನೌಕೆ ಅದು. ಇಂಗ್ಲೆಂಡಿನ ವೇತನ ಉಂಡ ಕೈಯೇ ಹುಟ್ಟಿದ ನಾಡಿನ ಆ ಹಡಗನ್ನು ಶಾಂತವಾದ ನೀರಿನ ಮೇಲೆ, ಸುತ್ತಲೂ ಸಣ್ಣ ದೋಣಿಗಳ ನಡುವೆ ನಿಲ್ಲಿಸಿತು. ಅದನ್ನು ನೋಡಿದವರಿಗೆ ಚಿತ್ರಕಾರನ ಮನಸ್ಸು ಎಲ್ಲಿ ಲಂಗರು ಹಾಕಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತಂದೆ 1693ರಲ್ಲಿ ತೀರಿಕೊಂಡನು. ಮಗ 1707ರ ಏಪ್ರಿಲ್ 6ರಂದು ಲಂಡನ್ನಿನಲ್ಲಿಯೇ ಕಣ್ಣು ಮುಚ್ಚಿದನು. ತಂದೆಯನ್ನು ಮಣ್ಣುಮಾಡಿದ ಪಿಕಡಿಲಿಯ ಸಂತ ಜೇಮ್ಸರ ಇಗರ್ಜಿಯಲ್ಲಿಯೇ ಮಗನ ಸಮಾಧಿಯೂ ಆಯಿತು. ಇಂಗ್ಲೆಂಡಿನಲ್ಲಿ ಸಮುದ್ರಚಿತ್ರ ಪರಂಪರೆಯೇ ಈ ಇಬ್ಬರು ಪರದೇಶಿಗಳಿಂದ ಆರಂಭವಾಯಿತೆಂದರೆ ಉತ್ಪ್ರೇಕ್ಷೆಯಲ್ಲ. ನೂರು ವರ್ಷಗಳ ತರುವಾಯ ಟರ್ನರ್ 1801ರಲ್ಲಿ ಪ್ರದರ್ಶಿಸಿದ ಡಚ್ ದೋಣಿಗಳ ಚಿತ್ರ, ವಿಲೆಮನ ಕೃತಿಯೊಂದಕ್ಕೆ ಜೋಡಿಯಾಗಲೆಂದೇ ರಚಿತವಾದುದು. ಗ್ರೀನಿಚ್‌ನ ನೌಕಾ ವಸ್ತುಸಂಗ್ರಹಾಲಯದಲ್ಲಿ ತಂದೆ ಮಕ್ಕಳ 1,400ಕ್ಕೂ ಹೆಚ್ಚು ರೇಖಾಚಿತ್ರಗಳಿವೆ.

ಕರಾವಳಿಯನ್ನು ಬಿಟ್ಟು ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು ಕಾಂದಿವಲಿಯಂತಹ ಉಪನಗರಗಳಲ್ಲಿ ನೆಲೆ ನಿಂತ ಕನ್ನಡಿಗರಿಗೆ ಈ ಬಾಳಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಬಂದು ಮುಂಬಯಿಯಲ್ಲಿ ಕಲಾವಿದರಾಗಿ ಬೆಳೆದ ಕೆ.ಕೆ. ಹೆಬ್ಬಾರರ (1911–1996) ಉದಾಹರಣೆ ಕಣ್ಣ ಮುಂದಿದೆ. ಕಾಂದಿವಲಿಯ ಪಶ್ಚಿಮಕ್ಕೆ ಚಾರ್ಕೋಪಿನಾಚೆ, ಕಾಂಡ್ಲಾ ಪೊದೆಗಳ ನಡುವಣ ಮನೋರಿ ಖಾರಿಯಲ್ಲಿ ಇಳಿತದ ಹೊತ್ತಿಗೆ ಕೋಳಿ ಬೆಸ್ತರ ದೋಣಿಗಳು ಕೆಸರಿನ ಮೇಲೆ ವಾಲಿ ಮಲಗುತ್ತವೆ. ಭರತ ಬಂದಾಗ ಮತ್ತೆ ಏಳುತ್ತವೆ. ದಡ ಬೇರೆಯಾದರೂ ದೋಣಿಯನ್ನು ಎತ್ತುವ ನೀರು ಒಂದೇ ಎಂಬುದನ್ನು ವಿಲೆಮ್ ವಾನ್ ಡ ವೆಲ್ಡೆ ಮೂರೂವರೆ ಶತಮಾನಗಳ ಹಿಂದೆಯೇ ಬರೆದು ತೋರಿಸಿದ್ದನು.